ಗ್ರಾಮಫೋನ್ ತಟ್ಟೆಯಲ್ಲಿ ಅಡಗಿದ್ದ ಮುಖ: ಜಾನ್ ಲೋಗಿ ಬೇರ್ಡ್

ಮಕ್ಕಳೇ, ನಿಮ್ಮ ಅಜ್ಜಿಯ ಮನೆಯ ಬೀರುವಿನಲ್ಲಿ ಪುಸ್ತಕದಷ್ಟು ದಪ್ಪದ ಕಪ್ಪು ಪ್ಲಾಸ್ಟಿಕ್ ಪೆಟ್ಟಿಗೆಯೊಂದನ್ನು ನೋಡಿದ್ದೀರಾ? ಅದೇ ವಿಡಿಯೊ ಕ್ಯಾಸೆಟ್. ಒಳಗೆ ಅರ್ಧ ಅಂಗುಲ ಅಗಲದ ಕಂದು ಬಣ್ಣದ ಟೇಪು ಸುತ್ತಿಕೊಂಡಿರುತ್ತದೆ. ನಿಮ್ಮ ದೊಡ್ಡಪ್ಪನ ಮದುವೆಯೋ, ಟಿ.ವಿ.ಯಲ್ಲಿ ಬಂದ ಒಂದು ಕ್ರಿಕೆಟ್ ಪಂದ್ಯವೋ ಅದರಲ್ಲಿ ಇರಬಹುದು. ಆದರೆ ನೋಡುವುದು ಹೇಗೆ? ಅದನ್ನು ಓಡಿಸುವ ವಿಸಿಆರ್ ಯಂತ್ರಗಳ ತಯಾರಿಕೆ 2016ರಲ್ಲೇ ನಿಂತುಹೋಯಿತು. ಹಳೆಯ ಯಂತ್ರವೊಂದು ಸಿಕ್ಕರೂ ಇಂದಿನ ಕಂಪ್ಯೂಟರಿಗೆ ಅದರ ಭಾಷೆ ತಿಳಿಯದು. ನಡುವೆ ಒಬ್ಬ ದುಭಾಷಿ ಬೇಕು. ಆ ದುಭಾಷಿಯೇ ವಿಡಿಯೊ ಕ್ಯಾಪ್ಚರ್ ಸಾಧನ. ಅಂಗಡಿಯಲ್ಲಿ ಇಂಥ ಸಾಧನಗಳು ಹಲವು ಬಗೆಯವು ಸಿಗುತ್ತವೆ. ಯಾವುದನ್ನು ಆರಿಸಬೇಕು?

ಈ ಪ್ರಶ್ನೆಗೆ ಉತ್ತರ ಬೇಕಾದರೆ ಟಿ.ವಿ. ಚಿತ್ರವನ್ನು ಹಿಡಿದಿಡಲು ಮೊಟ್ಟಮೊದಲು ಹೊರಟವನ ಕಥೆಯನ್ನು ನೀವು ತಿಳಿಯಬೇಕು. ಆತನ ಹೆಸರು ಜಾನ್ ಲೋಗಿ ಬೇರ್ಡ್. ಟಿ.ವಿ.ಯನ್ನು ತೋರಿಸಿದವನೆಂದು ಪಾಠಪುಸ್ತಕಗಳು ಅವನನ್ನು ನೆನೆಯುತ್ತವೆ. ಅವನು ಸೋತ ಒಂದು ಕೆಲಸದ ಬಗ್ಗೆ ಹೆಚ್ಚಾಗಿ ಹೇಳುವುದಿಲ್ಲ. ನನಗೆ ಆ ಸೋಲೇ ಹೆಚ್ಚು ಇಷ್ಟ.

ಬೇರ್ಡ್ ಹುಟ್ಟಿದ್ದು 1888ರ ಆಗಸ್ಟ್ 13ರಂದು, ಸ್ಕಾಟ್ಲೆಂಡಿನ ಹೆಲೆನ್ಸ್‌ಬರೋ ಎಂಬ ಸಮುದ್ರತೀರದ ಊರಿನಲ್ಲಿ. ತಂದೆ ಚರ್ಚಿನ ಪಾದ್ರಿ. ನಾಲ್ಕು ಮಕ್ಕಳಲ್ಲಿ ಇವನೇ ಕೊನೆಯವನು. ಚಿಕ್ಕಂದಿನಲ್ಲೇ ಬಂದ ಕಾಯಿಲೆಯೊಂದು ಅವನನ್ನು ಬದುಕಿಡೀ ಬಲಹೀನನನ್ನಾಗಿ ಮಾಡಿತು. ಚಳಿ ಬಂದರೆ ನೆಗಡಿ, ನೆಗಡಿ ಬಂದರೆ ಹಾಸಿಗೆ. ಆದರೆ ಕೈ ಸುಮ್ಮನಿರುತ್ತಿರಲಿಲ್ಲ. ಬಾಲಕನಾಗಿದ್ದಾಗಲೇ ತನ್ನ ಮನೆಯಿಂದ ಸ್ನೇಹಿತರ ಮನೆಗಳಿಗೆ ತಂತಿ ಎಳೆದು ದೂರವಾಣಿ ವ್ಯವಸ್ಥೆ ಮಾಡಿದ್ದ. ಬೀದಿಗೆ ಅಡ್ಡಲಾಗಿ ಜೋತುಬಿದ್ದ ತಂತಿಗೆ ಸಿಕ್ಕಿ ಕುದುರೆಗಾಡಿಯವನೊಬ್ಬ ಕೆಳಗೆ ಬಿದ್ದ ಮೇಲೆ ಆ ವ್ಯವಸ್ಥೆ ಮುಗಿಯಿತು. ಸುಮ್ಮನಿರದೆ ಮುಂದೆ ಮನೆಗೆ ವಿದ್ಯುತ್ ದೀಪ ಹಾಕಿದ. (ನೀವು ಇದನ್ನು ಮಾಡಲು ಹೋಗಬೇಡಿ. ಅಂದಿನ ಕಾಲ ಬೇರೆ, ಇಂದಿನ ಮನೆಯ ವಿದ್ಯುತ್ ಬೇರೆ.)

ಗ್ಲಾಸ್ಗೋ ನಗರದಲ್ಲಿ ಎಂಜಿನಿಯರಿಂಗ್ ಓದಿದ. ಮೊದಲ ಮಹಾಯುದ್ಧ ಬಂದಾಗ ಸೇನೆಗೆ ಸೇರಲು ಹೋದ, ದೇಹ ಸರಿಯಿಲ್ಲವೆಂದು ತಿರಸ್ಕರಿಸಿದರು. ವಿದ್ಯುತ್ ಕಂಪನಿಯೊಂದರಲ್ಲಿ ಕೆಲಸಕ್ಕೆ ಸೇರಿದ. ಅಲ್ಲಿ ಇಂಗಾಲದಿಂದ ಕೃತಕ ವಜ್ರ ಮಾಡುವ ಆಸೆಯಿಂದ ಭಾರೀ ವಿದ್ಯುತ್ ಹರಿಸಿ ಊರಿನ ಒಂದು ಭಾಗದ ದೀಪಗಳನ್ನೇ ಆರಿಸಿಬಿಟ್ಟ. ಆಮೇಲೆ ವ್ಯಾಪಾರ. ಕಾಲು ಬೆಚ್ಚಗಿಡುವ, ಪುಡಿ ಹಚ್ಚಿದ ಕಾಲುಚೀಲ ಮಾರಿದ. ಅದು ಚೆನ್ನಾಗಿಯೇ ನಡೆಯಿತು. ಯುದ್ಧ ಮುಗಿದ ಮೇಲೆ ಟ್ರಿನಿಡಾಡ್ ದ್ವೀಪಕ್ಕೆ ಹೋಗಿ ಜಾಮ್ ಮಾಡತೊಡಗಿದ. ಕುದಿಯುವ ಸಕ್ಕರೆಯ ವಾಸನೆಗೆ ಕಾಡಿನ ಹುಳುಹುಪ್ಪಟೆಗಳೆಲ್ಲ ಬಂದು ಪಾತ್ರೆಗೆ ಬಿದ್ದವು! ಊರಿಗೆ ಮರಳಿ ಸಾಬೂನು ಮಾರಿದ. ಕೊನೆಗೆ ಆರೋಗ್ಯ ಪೂರ್ತಿ ಕೆಟ್ಟು, ಗಾಳಿ ಬದಲಾವಣೆಗೆಂದು ಇಂಗ್ಲೆಂಡಿನ ದಕ್ಷಿಣ ತೀರದ ಹೇಸ್ಟಿಂಗ್ಸ್ ಊರಿಗೆ ಬಂದ. ಆಗ ಅವನಿಗೆ 34 ವರ್ಷ ದಾಟಿತ್ತು. ಕೈಯಲ್ಲಿ ಹಣವೂ ಇಲ್ಲ, ಕೆಲಸವೂ ಇಲ್ಲ.

ದೂರದ ದೃಶ್ಯವನ್ನು ತಂತಿಯಲ್ಲಿ ಕಳುಹಿಸುವ ಕನಸು ಬೇರ್ಡ್‌ಗಿಂತ ಹಳೆಯದು. ಪಾಲ್ ನಿಪ್ಕೋ ಎಂಬ ಜರ್ಮನ್ ವಿದ್ಯಾರ್ಥಿ 1884ರಲ್ಲೇ ಒಂದು ಉಪಾಯ ಸೂಚಿಸಿದ್ದ. ಅದನ್ನು ನೀವೂ ಅರ್ಥ ಮಾಡಿಕೊಳ್ಳಬಹುದು. ಒಂದು ಪೋಸ್ಟ್‌ಕಾರ್ಡಿನ ನಡುವೆ ಸೂಜಿಯಿಂದ ರಂಧ್ರ ಮಾಡಿ. ಪುಸ್ತಕದ ಚಿತ್ರದ ಮೇಲೆ ಅದನ್ನಿಟ್ಟು ಮೇಲಿನಿಂದ ಕೆಳಕ್ಕೆ ಮೆಲ್ಲಗೆ ಜಾರಿಸಿ. ರಂಧ್ರದಲ್ಲಿ ಒಮ್ಮೆ ಕಪ್ಪು, ಒಮ್ಮೆ ಬಿಳಿ, ಒಮ್ಮೆ ಬೂದು ಕಾಣುತ್ತದೆ. ಚಿತ್ರದ ಒಂದು ಗೆರೆಯನ್ನು ನೀವು ಓದಿದಿರಿ. ಸ್ವಲ್ಪ ಪಕ್ಕಕ್ಕೆ ಸರಿಸಿ ಮತ್ತೆ ಜಾರಿಸಿದರೆ ಎರಡನೆಯ ಗೆರೆ. ನಿಪ್ಕೋ ಈ ಕೆಲಸವನ್ನು ತಿರುಗುವ ಚಕ್ರಕ್ಕೆ ಒಪ್ಪಿಸಿದ. ಚಕ್ರದಲ್ಲಿ ಸುರುಳಿಯಾಕಾರದಲ್ಲಿ ರಂಧ್ರಗಳು. ಚಕ್ರ ಒಂದು ಸುತ್ತು ತಿರುಗಿದರೆ ಒಂದೊಂದು ರಂಧ್ರವೂ ಒಂದೊಂದು ಗೆರೆ ಓದಿ ಮುಗಿಸುತ್ತದೆ. ರಂಧ್ರದ ಹಿಂದೆ ದ್ಯುತಿಕೋಶವಿದ್ದರೆ ಬೆಳಕಿನ ಏರಿಳಿತ ವಿದ್ಯುತ್ತಿನ ಏರಿಳಿತವಾಗುತ್ತದೆ. ಆ ವಿದ್ಯುತ್ತು ಇನ್ನೊಂದು ಕಡೆ ದೀಪವನ್ನು ಮಿನುಗಿಸಿದರೆ, ಅಲ್ಲಿ ಅದೇ ವೇಗದಲ್ಲಿ ತಿರುಗುವ ಇನ್ನೊಂದು ಚಕ್ರದ ಮೂಲಕ ನೋಡಿದವನಿಗೆ ಚಿತ್ರ ಕಾಣುತ್ತದೆ. ಕಾಗದದ ಮೇಲೆ ಇಷ್ಟು ಸುಲಭ. ಮಾಡಿ ತೋರಿಸುವುದು ಮಾತ್ರ ನಿಪ್ಕೋನಿಂದ ಆಗಿರಲಿಲ್ಲ.

ಬೇರ್ಡ್ 1923ರಲ್ಲಿ ಈ ಕೆಲಸಕ್ಕೆ ಕೈಹಾಕಿದ. ಪ್ರಯೋಗಾಲಯವೆಂದರೆ ಬಾಡಿಗೆ ಕೋಣೆ. ಉಪಕರಣಗಳೆಂದರೆ ಚಹಾ ಪೆಟ್ಟಿಗೆ, ಟೋಪಿ ಇಡುವ ರಟ್ಟಿನ ಡಬ್ಬ, ಬಿಸ್ಕತ್ತಿನ ತಗಡು, ಸೈಕಲ್ ದೀಪದ ಮಸೂರಗಳು, ಹೆಣಿಗೆಯ ಸೂಜಿ, ಅರಗು, ದಾರ. ನಮ್ಮ ಶಾಲೆಗಳಲ್ಲಿ ವಿಜ್ಞಾನ ಉಪಕರಣವಿಲ್ಲ ಎಂದು ಯಾರಾದರೂ ಹೇಳಿದಾಗ ನನಗೆ ಈ ಪಟ್ಟಿ ನೆನಪಾಗುತ್ತದೆ. 1924ರ ಜುಲೈನಲ್ಲಿ ಸಾವಿರ ವೋಲ್ಟ್‌ನಷ್ಟು ವಿದ್ಯುತ್ ಆಘಾತವಾಗಿ ಬೇರ್ಡ್ ದೂರಕ್ಕೆ ಎಸೆಯಲ್ಪಟ್ಟ. ಕೈ ಸುಟ್ಟಿತು, ಜೀವ ಉಳಿಯಿತು. ಮನೆಯ ಮಾಲೀಕ ಜಾಗ ಖಾಲಿ ಮಾಡಲು ಹೇಳಿದ.

ಅಲ್ಲಿಂದ ಲಂಡನ್. ಸೋಹೋ ಪ್ರದೇಶದ ಫ್ರಿತ್ ಬೀದಿಯಲ್ಲಿ ಮಾಳಿಗೆಯ ಎರಡು ಕೋಣೆ. ದೀಪಗಳ ಬಿಸಿ ಎಷ್ಟಿತ್ತೆಂದರೆ ಮನುಷ್ಯರು ಅದರ ಮುಂದೆ ಕುಳಿತಿರುವುದು ಕಷ್ಟ. ಆದ್ದರಿಂದ ಮಾತನಾಡುವ ಗೊಂಬೆಯ ತಲೆಯೊಂದನ್ನು ತಂದು ಕೂರಿಸಿದ್ದ. ಅದರ ಹೆಸರು ಸ್ಟೂಕಿ ಬಿಲ್. ತಿಂಗಳುಗಟ್ಟಲೆ ಅವನಿಗೆ ಕಂಡದ್ದು ಬರೀ ಕಪ್ಪು ಬಿಳುಪಿನ ಕಲೆ. 1925ರ ಅಕ್ಟೋಬರ್ 2ರಂದು ಮೊದಲ ಬಾರಿಗೆ ಗೊಂಬೆಯ ಕಣ್ಣು, ಮೂಗು, ಬಾಯಿ ನೆರಳು ಬೆಳಕಿನೊಂದಿಗೆ ಮೂಡಿದವು. ಬೇರ್ಡ್ ಕೆಳಗೆ ಓಡಿದ. ಕೆಳಗಿನ ಕಚೇರಿಯಲ್ಲಿದ್ದ ವಿಲಿಯಂ ಟೇಂಟನ್ ಎಂಬ ಇಪ್ಪತ್ತರ ಹುಡುಗನನ್ನು ಎಳೆದು ತಂದು ಗೊಂಬೆಯ ಜಾಗದಲ್ಲಿ ಕೂರಿಸಿದ. ಪಕ್ಕದ ಕೋಣೆಗೆ ಹೋಗಿ ನೋಡಿದರೆ ಪರದೆಯ ಮೇಲೆ ಏನೂ ಇಲ್ಲ! ಬಿಸಿಗೆ ಹೆದರಿದ ಹುಡುಗ ಹಿಂದೆ ಸರಿದು ಕುಳಿತಿದ್ದ. ಬೇರ್ಡ್ ಅವನ ಕೈಗೆ ಅರ್ಧ ಕ್ರೌನ್ ನಾಣ್ಯ ಕೊಟ್ಟು ಮತ್ತೆ ದೀಪದ ಮುಂದೆ ಕೂರಿಸಿದ. ಈ ಸಲ ಮುಖ ಕಂಡಿತು. ಟಿ.ವಿ.ಯಲ್ಲಿ ಮುಖ ಕಾಣಿಸಿಕೊಂಡ ಮೊದಲ ಮನುಷ್ಯ ಹಣ ಪಡೆದೇ ಕಾಣಿಸಿಕೊಂಡ ಎನ್ನಬಹುದು.

1926ರ ಜನವರಿ 26ರಂದು ಸುಮಾರು 40 ಮಂದಿ ವಿಜ್ಞಾನ ಬಲ್ಲವರು ಆ ಕಿರಿದಾದ ಮೆಟ್ಟಿಲು ಹತ್ತಿ, ಸ್ವಲ್ಪ ಸ್ವಲ್ಪ ಜನರಂತೆ ಒಳಗೆ ಹೋಗಿ ಅದನ್ನು ನೋಡಿದರು. ಮರುವರ್ಷ ಲಂಡನ್ನಿನಿಂದ ಗ್ಲಾಸ್ಗೋಗೆ ದೂರವಾಣಿ ತಂತಿಯಲ್ಲಿ ಸುಮಾರು 700 ಕಿಲೋಮೀಟರ್ ದೂರ ಚಿತ್ರ ಹೋಯಿತು. 1928ರಲ್ಲಿ ಅಟ್ಲಾಂಟಿಕ್ ಸಾಗರವನ್ನೂ ದಾಟಿತು. ಅದೇ ವರ್ಷ ಬಣ್ಣದ ಟಿ.ವಿ.ಯನ್ನೂ ತೋರಿಸಿದ.

ಇಲ್ಲಿ ಒಂದು ಕ್ಷಣ ನಿಲ್ಲಿ. ದೂರವಾಣಿ ತಂತಿ ಇರುವುದು ಮಾತಿಗಾಗಿ. ಅದರಲ್ಲಿ ಚಿತ್ರ ಹೋದದ್ದು ಹೇಗೆ? ಬೇರ್ಡ್‌ನ ಚಿತ್ರದಲ್ಲಿ ಇದ್ದದ್ದು ಕೇವಲ 30 ಗೆರೆಗಳು. ಆದ್ದರಿಂದ ಅದರ ವಿದ್ಯುತ್ ಏರಿಳಿತದ ವೇಗ ನಮ್ಮ ಕಿವಿಗೆ ಕೇಳುವ ಶಬ್ದದ ಮಿತಿಯಲ್ಲೇ ಇತ್ತು. ಚಿತ್ರದ ಸಂಕೇತವನ್ನು ಶ್ರವಣ ಸಾಧನಕ್ಕೆ ಕೊಟ್ಟರೆ ಗುಂಯ್‌ಗುಡುವ ಸದ್ದು ಕೇಳುತ್ತಿತ್ತು. ಮುಖಕ್ಕೆ ಒಂದು ಸ್ವರ, ಕೈಗೆ ಇನ್ನೊಂದು ಸ್ವರ. ಬೇರ್ಡ್ ಇದನ್ನು ಗಮನಿಸಿದ. ಚಿತ್ರವನ್ನು ಕೇಳಬಹುದಾದರೆ, ಹಾಡಿನಂತೆ ಗ್ರಾಮಫೋನ್ ತಟ್ಟೆಯ ಮೇಲೆ ಅದನ್ನು ಬರೆದಿಡಲೂಬಹುದಲ್ಲವೇ? ಬೇಕಾದಾಗ ತಟ್ಟೆ ತಿರುಗಿಸಿ ಚಿತ್ರ ನೋಡಬಹುದಲ್ಲವೇ? ಈ ವಿಧಾನಕ್ಕೆ ಅವನು ಫೋನೋವಿಷನ್ ಎಂದು ಹೆಸರಿಟ್ಟ. ಅಂದರೆ ವಿಡಿಯೊ ಕ್ಯಾಸೆಟ್ ಬರುವುದಕ್ಕೆ ದಶಕಗಳ ಮೊದಲೇ ಅವನು ವಿಡಿಯೊ ಮುದ್ರಣಕ್ಕೆ ಹೊರಟಿದ್ದ!

ಚಕ್ರವನ್ನೂ ತಟ್ಟೆ ಕೊರೆಯುವ ಯಂತ್ರವನ್ನೂ ಒಂದಕ್ಕೊಂದು ಜೋಡಿಸಿದ. ತಟ್ಟೆ ಒಂದು ಸುತ್ತು ತಿರುಗುವಾಗ ಮೂರು ಚಿತ್ರ ಮುಗಿಯುತ್ತಿದ್ದವು. ತಟ್ಟೆಯ ವೇಗ ನಿಮಿಷಕ್ಕೆ 78 ಸುತ್ತು. ಹಾಗಾದರೆ ಸೆಕೆಂಡಿಗೆ ಎಷ್ಟು ಚಿತ್ರ? 78ನ್ನು 3ರಿಂದ ಗುಣಿಸಿ 60ರಿಂದ ಭಾಗಿಸಿ. 3.9 ಬರುತ್ತದೆ, ಅಂದರೆ ಸುಮಾರು ನಾಲ್ಕು. ಈಗ ಉಳಿದಿರುವ ತಟ್ಟೆಗಳಲ್ಲಿ ಹಳೆಯದು 1927ರ ಸೆಪ್ಟೆಂಬರ್ 20ರದು. ಅದರಲ್ಲಿರುವವನು ಅದೇ ಸ್ಟೂಕಿ ಬಿಲ್. 1928ರ ಮಾರ್ಚ್ 28ರ ತಟ್ಟೆಯಲ್ಲಿ ಇರುವುದು ಮಿಸ್ ಪೌನ್ಸ್‌ಫರ್ಡ್ ಎಂಬ ಮಹಿಳೆಯ ಮುಖ.

ಆದರೆ ತಟ್ಟೆ ತಿರುಗಿಸಿದಾಗ ನೋಡುವಂಥ ಚಿತ್ರ ಬರಲಿಲ್ಲ. ಸಂಕೇತವೇನೋ ತಟ್ಟೆಯಲ್ಲಿ ಇತ್ತು. ಕೆಟ್ಟದ್ದು ಕಾಲದ ಲೆಕ್ಕ. ಚಕ್ರಕ್ಕೂ ಕೊರೆಯುವ ಯಂತ್ರಕ್ಕೂ ನಡುವಿನ ಜೋಡಣೆ ಅದುರುತ್ತಿತ್ತು. ಒಂದು ಗೆರೆ ಕ್ಷಣದ ನೂರರಲ್ಲೊಂದು ಪಾಲಿಗಿಂತ ಕಡಿಮೆ ಹೊತ್ತಿನಲ್ಲಿ ಮುಗಿಯಬೇಕು. ಆ ಅದುರಾಟದಿಂದ ಕೆಲವು ಗೆರೆ ಬೇಗ ಶುರುವಾಗುತ್ತಿದ್ದವು, ಕೆಲವು ತಡವಾಗಿ.

ಇದರ ಪರಿಣಾಮವನ್ನು ನೀವೇ ಮಾಡಿ ನೋಡಿ. ಕಾಗದದಲ್ಲಿ ದೊಡ್ಡದಾಗಿ ಒಂದು ಮುಖ ಬರೆದು ಬಣ್ಣ ಹಚ್ಚಿ. ಅದನ್ನು ಉದ್ದುದ್ದ 30 ಪಟ್ಟಿಗಳಾಗಿ ಕತ್ತರಿಸಿ. ಬೇರ್ಡ್‌ನ ಗೆರೆಗಳೂ ಹೀಗೆ ಮೇಲಿನಿಂದ ಕೆಳಕ್ಕೇ ಇದ್ದವು. ಪಟ್ಟಿಗಳನ್ನು ಕ್ರಮವಾಗಿ ಜೋಡಿಸಿ. ಈಗ ಒಂದನ್ನು ಅರ್ಧ ಅಂಗುಲ ಮೇಲಕ್ಕೆ, ಮತ್ತೊಂದನ್ನು ಅಂಗುಲ ಕೆಳಕ್ಕೆ, ಹೀಗೆ ಮನಬಂದಂತೆ ಸರಿಸಿ. ಒಂದು ಪಟ್ಟಿಯೂ ಕಳೆದಿಲ್ಲ, ಒಂದು ಚುಕ್ಕಿ ಬಣ್ಣವೂ ಅಳಿಸಿಲ್ಲ. ಆದರೂ ಮುಖ ಮಾಯ! ಬೇರ್ಡ್‌ನ ತಟ್ಟೆಯಲ್ಲಿ ಆದದ್ದು ಇದೇ. ಸರಿಸಿದ ಪಟ್ಟಿಗಳನ್ನು ಮತ್ತೆ ಸಾಲಿಗೆ ತರುವ ಉಪಾಯ ಅಂದು ಯಾರ ಬಳಿಯೂ ಇರಲಿಲ್ಲ. ಬೇರ್ಡ್ ತಟ್ಟೆಗಳನ್ನು ಬದಿಗಿಟ್ಟು ಬೇರೆ ಕೆಲಸಕ್ಕೆ ತಿರುಗಿದ.

1929ರಲ್ಲಿ ಬಿಬಿಸಿಯ ಪ್ರಸಾರ ಕೇಂದ್ರದಿಂದ ಅವನ 30 ಗೆರೆಯ ಟಿ.ವಿ. ಪ್ರಯೋಗಾರ್ಥ ಪ್ರಸಾರ ಆರಂಭವಾಯಿತು. ಕೆಲವರು ಟೆಲಿವೈಸರ್ ಎಂಬ ಪೆಟ್ಟಿಗೆ ಕೊಂಡರು, ಕೆಲವರು ತಾವೇ ಮಾಡಿಕೊಂಡರು. 1931ರಲ್ಲಿ ಮಾರ್ಗರೆಟ್ ಆಲ್ಬು ಎಂಬ ಪಿಯಾನೋ ವಾದಕಿಯನ್ನು ಬೇರ್ಡ್ ಮದುವೆಯಾದ. ಆದರೆ ತಿರುಗುವ ಚಕ್ರದ ಟಿ.ವಿ.ಗೆ ಆಯುಷ್ಯ ಕಡಿಮೆ ಇತ್ತು. ಅಮೆರಿಕದಲ್ಲಿ ಫಿಲೋ ಫಾರ್ನ್ಸ್‌ವರ್ತ್ 1927ರಲ್ಲೇ ಯಾವ ಚಕ್ರವೂ ಇಲ್ಲದ, ಎಲೆಕ್ಟ್ರಾನುಗಳಿಂದಲೇ ನಡೆಯುವ ಕ್ಯಾಮೆರಾದಿಂದ ಚಿತ್ರ ಕಳುಹಿಸಿದ್ದ. ಆದ್ದರಿಂದ ಬೇರ್ಡ್ ಒಬ್ಬನನ್ನೇ ಟಿ.ವಿ.ಯ ಜನಕ ಎನ್ನುವುದು ನನಗೆ ಸರಿ ಕಾಣುವುದಿಲ್ಲ. 1936ರ ನವೆಂಬರ್ 2ರಂದು ಬಿಬಿಸಿ ಲಂಡನ್ನಿನಲ್ಲಿ ಹೊಸ ಟಿ.ವಿ. ಸೇವೆ ಆರಂಭಿಸಿದಾಗ ಎರಡು ವಿಧಾನಗಳನ್ನು ಸರದಿಯ ಮೇಲೆ ಪರೀಕ್ಷಿಸಿತು. ಒಂದು ಬೇರ್ಡ್ ಕಂಪನಿಯ 240 ಗೆರೆಯದು, ಇನ್ನೊಂದು ಮಾರ್ಕೋನಿ-ಇಎಂಐ ಕಂಪನಿಯ 405 ಗೆರೆಯದು. ಅದೇ ನವೆಂಬರ್ 30ರ ರಾತ್ರಿ ಕ್ರಿಸ್ಟಲ್ ಪ್ಯಾಲೇಸ್ ಎಂಬ ಭಾರೀ ಗಾಜಿನ ಕಟ್ಟಡಕ್ಕೆ ಬೆಂಕಿ ಬಿತ್ತು. ಬೇರ್ಡ್ ಕಂಪನಿಯ ಪ್ರಯೋಗಾಲಯಗಳು ಇದ್ದದ್ದು ಅಲ್ಲೇ. 1937ರ ಆರಂಭದಲ್ಲಿ ಬಿಬಿಸಿ ಅವನ ವಿಧಾನವನ್ನು ಕೈಬಿಟ್ಟಿತು.

ಬೇರ್ಡ್ ಮತ್ತೆ ಮನೆಯಲ್ಲೇ ಪ್ರಯೋಗಕ್ಕೆ ಕುಳಿತ. 1944ರಲ್ಲಿ ಚಕ್ರವಿಲ್ಲದ ಬಣ್ಣದ ಚಿತ್ರನಳಿಕೆಯನ್ನು ಮಾಡಿ ತೋರಿಸಿದ. 1946ರ ಜೂನ್ 14ರಂದು ಬೆಕ್ಸ್‌ಹಿಲ್ ಎಂಬ ಊರಿನಲ್ಲಿ ತೀರಿಕೊಂಡ. ವಯಸ್ಸು 57. ಹುಟ್ಟೂರಿನಲ್ಲೇ ಅವನ ಸಮಾಧಿಯಿದೆ. ತನ್ನ ತಟ್ಟೆಗಳಿಂದ ಸರಿಯಾದ ಮುಖವೊಂದು ಎದ್ದು ಬಂದದ್ದನ್ನು ಅವನು ನೋಡಲೇ ಇಲ್ಲ.

ಆದರೆ ತಟ್ಟೆಗಳನ್ನು ಯಾರೋ ಎಸೆದಿರಲಿಲ್ಲ! ಬೆರಳೆಣಿಕೆಯಷ್ಟು ಉಳಿದಿದ್ದವು. 1980ರ ದಶಕದಲ್ಲಿ ಡೊನಾಲ್ಡ್ ಮ್ಯಾಕ್ಲೀನ್ ಎಂಬ ಬ್ರಿಟಿಷ್ ಎಂಜಿನಿಯರ್ ಅವುಗಳ ಹಿಂದೆ ಬಿದ್ದರು. ತಟ್ಟೆಯ ಗುಂಯ್‌ಗುಡುವ ಸದ್ದನ್ನು ಕಂಪ್ಯೂಟರಿಗೆ ಕೊಟ್ಟರು. ಕಂಪ್ಯೂಟರಿಗೆ ಸದ್ದು ತಿಳಿಯದು, ಅಂಕಿ ಮಾತ್ರ ತಿಳಿಯುತ್ತದೆ. ಆಸ್ಪತ್ರೆಯಲ್ಲಿ ದಾದಿ ಗಂಟೆಗೊಮ್ಮೆ ಜ್ವರ ಅಳೆದು ಹಾಳೆಯಲ್ಲಿ ಅಂಕಿ ಬರೆಯುವಂತೆ, ಸಂಕೇತದ ಮಟ್ಟವನ್ನು ಸೆಕೆಂಡಿಗೆ ಸಾವಿರಾರು ಬಾರಿ ಅಳೆದು ಅಂಕಿಗಳ ಸಾಲು ಮಾಡಲಾಯಿತು. ಒಮ್ಮೆ ಅಂಕಿಯಾದ ಮೇಲೆ ಗೆರೆಗಳನ್ನು ನಿಮ್ಮ ಕಾಗದದ ಪಟ್ಟಿಗಳಂತೆ ಹಿಂದೆ ಮುಂದೆ ಸರಿಸಬಹುದು. ಮ್ಯಾಕ್ಲೀನ್ ಅದುರಾಟದ ಲೆಕ್ಕ ಕಂಡುಹಿಡಿದು ಒಂದೊಂದೇ ಗೆರೆಯನ್ನು ಅದರ ಜಾಗಕ್ಕೆ ತಂದರು. ಮಿಸ್ ಪೌನ್ಸ್‌ಫರ್ಡ್ ತಲೆ ಅಲುಗಾಡಿಸುವುದು ಕಾಣಿಸಿತು. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಆ ಮುಖ ತಟ್ಟೆಯ ಗೀರಿನಲ್ಲೇ ಇತ್ತು.

ಇನ್ನೊಂದು ತಟ್ಟೆಯ ಕಥೆಯೂ ಇದೆ. 1933ರ ಏಪ್ರಿಲ್‌ನಲ್ಲಿ ಬಿಬಿಸಿಯ 30 ಗೆರೆಯ ಟಿ.ವಿ.ಯಲ್ಲಿ ಲುಕಿಂಗ್ ಇನ್ ಎಂಬ ಹಾಡು ನೃತ್ಯದ ಕಾರ್ಯಕ್ರಮ ಬಂತು. ಯಾರೋ ಹವ್ಯಾಸಿಯೊಬ್ಬರು ಮನೆಯಲ್ಲೇ ಅದನ್ನು ಅಲ್ಯೂಮಿನಿಯಂ ತಟ್ಟೆಯ ಮೇಲೆ ಮುದ್ರಿಸಿಕೊಂಡರು. ಸುಮಾರು ನಾಲ್ಕು ನಿಮಿಷದ ಆ ತುಣುಕನ್ನೂ ಮ್ಯಾಕ್ಲೀನ್ ಸರಿಪಡಿಸಿದರು. ಸಾಲಾಗಿ ನಿಂತು ಕಾಲೆತ್ತಿ ಕುಣಿಯುವ ಹುಡುಗಿಯರು ಅದರಲ್ಲಿ ಕಾಣುತ್ತಾರೆ. ಪ್ರಸಾರವಾದ ಟಿ.ವಿ. ಕಾರ್ಯಕ್ರಮದ ಮುದ್ರಣಗಳಲ್ಲಿ ಇಂದು ತಿಳಿದಿರುವವುಗಳ ಪೈಕಿ ಇದೇ ಹಳೆಯದು.

ಈಗ ಅಜ್ಜಿಯ ಮನೆಯ ಕ್ಯಾಸೆಟ್ಟಿಗೆ ಬನ್ನಿ. ಅದರಲ್ಲೂ ಚಿತ್ರ ಇರುವುದು ಗೆರೆಗಳಾಗಿಯೇ. ಭಾರತದಲ್ಲಿ ಬಳಸುತ್ತಿದ್ದ ಪಾಲ್ ಪದ್ಧತಿಯಲ್ಲಿ ಒಂದು ಚಿತ್ರಕ್ಕೆ 625 ಗೆರೆ, ಸೆಕೆಂಡಿಗೆ 25 ಚಿತ್ರ. ಗುಣಿಸಿದರೆ ಸೆಕೆಂಡಿಗೆ 15,625 ಗೆರೆ. ಬೇರ್ಡ್‌ನ ತಟ್ಟೆಯಲ್ಲಿ ಇದ್ದದ್ದು ಸೆಕೆಂಡಿಗೆ ಸುಮಾರು 117 ಗೆರೆ. ಕ್ಯಾಪ್ಚರ್ ಸಾಧನ ಈ ಸಂಕೇತವನ್ನು ಸಾಮಾನ್ಯವಾಗಿ ಸೆಕೆಂಡಿಗೆ 1 ಕೋಟಿ 35 ಲಕ್ಷ ಬಾರಿ ಅಳೆದು ಅಂಕಿ ಮಾಡುತ್ತದೆ. ಮ್ಯಾಕ್ಲೀನ್ ಅವರ ಕಂಪ್ಯೂಟರ್ ಮಾಡಿದ ಕೆಲಸವೇ ಇದು, ವೇಗ ಮಾತ್ರ ಬಹಳ ಹೆಚ್ಚು.

ಬೇರ್ಡ್‌ನ ಕಾಯಿಲೆ ಕ್ಯಾಸೆಟ್ಟಿಗೂ ಅಂಟಿದೆ ಎಂಬುದನ್ನು ಹೆಚ್ಚಿನವರು ಮರೆಯುತ್ತಾರೆ. ಹಳೆಯ ಟೇಪು ಹಿಗ್ಗಿರುತ್ತದೆ, ಯಂತ್ರ ಸವೆದಿರುತ್ತದೆ. ಗೆರೆಗಳು ಸರಿಯಾದ ಹೊತ್ತಿಗೆ ಶುರುವಾಗುವುದಿಲ್ಲ. ಚಿತ್ರದ ಮೇಲ್ಭಾಗ ಧ್ವಜದಂತೆ ಬಾಗುತ್ತದೆ, ಗೋಡೆಯ ಅಂಚು ನಡುಗುತ್ತದೆ. ಹಳೆಯ ಟಿ.ವಿ. ಇದನ್ನು ಹೇಗೋ ಸಹಿಸಿಕೊಳ್ಳುತ್ತಿತ್ತು. ಅಗ್ಗದ ಸಾಧನ ಸಹಿಸುವುದಿಲ್ಲ, ತನಗೆ ತಿಳಿಯದ ಚಿತ್ರಗಳನ್ನು ಬಿಟ್ಟೇ ಬಿಡುತ್ತದೆ. ಹಳೆಯ ವಿಜ್ಞಾನ ಮೇಳವೊಂದರ ಕ್ಯಾಸೆಟ್ಟನ್ನು ನಾನು ಇಂಥ ಸಾಧನದಲ್ಲಿ ಇಳಿಸಿಕೊಂಡೆ. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಹುಡುಗಿ ಮಾತು ಮುಗಿಸಿ ಬಾಯಿ ಮುಚ್ಚಿದ ಮೇಲೆ ಅವಳ ಧ್ವನಿ ಬರುತ್ತಿತ್ತು! ಬೆಲೆ ನೋಡಿ ಕೊಂಡದ್ದು ನನ್ನದೇ ತಪ್ಪು.

ಆದ್ದರಿಂದ ನಿಮ್ಮ ಮನೆಯಲ್ಲಿ ಯಾರಾದರೂ ಸಾಧನ ಕೊಳ್ಳುವುದಾದರೆ ಮೊದಲು ಅದರ ಹಿಂಬದಿ ನೋಡಲು ಹೇಳಿ. ವಿಸಿಆರ್‌ನಿಂದ ಬರುವ ಹಳದಿ, ಬಿಳಿ, ಕೆಂಪು ತಂತಿಗಳಿಗೆ ಜಾಗವಿರಬೇಕು. ಹಳದಿಯಲ್ಲಿ ಚಿತ್ರ, ಉಳಿದೆರಡರಲ್ಲಿ ಧ್ವನಿ. ಇಂದು ಹೆಚ್ಚಾಗಿ ಸಿಗುವ ಎಚ್‌ಡಿಎಂಐ ಕ್ಯಾಪ್ಚರ್ ಸಾಧನಕ್ಕೆ ಈ ತಂತಿಗಳು ಹಿಡಿಸುವುದಿಲ್ಲ. ಸಾಧನ ಪಾಲ್ ಪದ್ಧತಿಯನ್ನು ತಿಳಿಯಬೇಕು. ಅಮೆರಿಕದ ನೆಂಟರು ಕಳುಹಿಸಿದ ಕ್ಯಾಸೆಟ್ ಇದ್ದರೆ ಅಲ್ಲಿನ 525 ಗೆರೆಯ ಎನ್‌ಟಿಎಸ್‌ಸಿ ಪದ್ಧತಿಯೂ ತಿಳಿದಿರಬೇಕು. ವಿಸಿಆರ್ ಕೂಡ ಅದನ್ನು ಓಡಿಸುವಂಥದ್ದಾಗಿರಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು ಗೆರೆಗಳನ್ನು ಸಾಲಿಗೆ ತರುವ ಟೈಮ್ ಬೇಸ್ ಕರೆಕ್ಟರ್ ಎಂಬ ಭಾಗ. ಅದು ಕೆಲವು ಒಳ್ಳೆಯ ವಿಸಿಆರ್‌ಗಳ ಒಳಗೇ ಇರುತ್ತದೆ, ಇಲ್ಲವಾದರೆ ಬೇರೆಯಾಗಿ ಸೇರಿಸಬೇಕು. ದುಬಾರಿ ಸಾಧನ ಕೊಳ್ಳುವ ಮೊದಲು ಈ ಭಾಗವಿರುವ ವಿಸಿಆರ್ ಯಾರ ಬಳಿಯಾದರೂ ಇದೆಯೇ ಎಂದು ವಿಚಾರಿಸುವುದು ಜಾಣತನ ಎಂದು ನನ್ನ ಅನಿಸಿಕೆ.

ಜಾಗದ ಲೆಕ್ಕವನ್ನೂ ಮಾಡಿ. ಕಾಣುವ ಚಿತ್ರವನ್ನು ಅಡ್ಡಲಾಗಿ 720, ಉದ್ದಕ್ಕೆ 576 ಚುಕ್ಕಿಗಳಾಗಿ ಅಳೆಯುತ್ತಾರೆ. ಚುಕ್ಕಿಗೆ 2 ಬೈಟ್, ಸೆಕೆಂಡಿಗೆ 25 ಚಿತ್ರ. ಒಂದು ಗಂಟೆಗೆ ಎಷ್ಟಾಯಿತು? ಸುಮಾರು 75 ಗಿಗಾಬೈಟ್! ಆದ್ದರಿಂದಲೇ ಹೆಚ್ಚಿನ ಸಾಧನಗಳು ಚಿತ್ರವನ್ನು ಒತ್ತಿ ಕುಗ್ಗಿಸುತ್ತವೆ. ತೀರಾ ಕುಗ್ಗಿಸಿದರೆ ಮುಖದ ನಯವಾದ ವಿವರ ಚೌಕಚೌಕವಾಗಿ ಒಡೆಯುತ್ತದೆ, ಹಾಗೆ ಹೋದದ್ದು ಮತ್ತೆ ಬಾರದು.

ಇಳಿಸಿಕೊಂಡ ಮೇಲೆ ಮೊದಲು, ನಡುವೆ, ಕೊನೆಯಲ್ಲಿ ಒಂದೊಂದು ಕಡೆ ತುಟಿಯೂ ಮಾತೂ ಕೂಡುತ್ತವೆಯೇ ನೋಡಿ. ಕೂಡದಿದ್ದರೆ ಇನ್ನೊಮ್ಮೆ ಇಳಿಸಿ. ಅಷ್ಟರವರೆಗೂ, ಆಮೇಲೂ, ಕ್ಯಾಸೆಟ್ಟನ್ನು ತೇವವಿಲ್ಲದ ಜಾಗದಲ್ಲಿ ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿಡಿ. ಅದರ ಮೇಲೆ ಯಾರ ಮದುವೆ, ಯಾವ ಇಸವಿ ಎಂದು ಅಜ್ಜಿಯನ್ನು ಕೇಳಿ ಚೀಟಿ ಬರೆದು ಅಂಟಿಸಿ.